ಬೇಕು ಎಂದವರಿಗೊಂದು ಚಿಲಕ

ಬೆಳಗಿನ ಮೊದಲ ಬಸ್ಸು ಡಿಪೊದ ಗೇಟು ದಾಟಿ ಈ ಬೀದಿಯ ತಿರುವಿಗೆ ಬಂದಾಗ ಒಂದು ಪುಟ್ಟ ಹಾರ್ನ್ ಹಾಕುತ್ತದೆ. ಆ ಹೊತ್ತಿನಲ್ಲಿ ಬೀದಿಗೆ ಒಂದು ನರಪಿಳ್ಳೆಯೂ ಇಳಿದಿರುವುದಿಲ್ಲ, ಹಾರ್ನಿನ ಅಗತ್ಯವೂ ಇರುವುದಿಲ್ಲ. ಅದು ಚಾಲಕ ತನ್ನ ಹೆಂಡತಿಗೆ ಹೇಳುವ ಮಾತು: ನಾನು ಹೊರಟೆ, ಇನ್ನು ನಿನ್ನ ಕೆಲಸ ನೀನು ನೋಡಿಕೋ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಹೆಂಡತಿ ಕಿಟಕಿಯ ಪರದೆ ಸರಿಸಿ ಕೈ ಬೀಸುತ್ತಾರೆ. ಮೇಜಿನ ಮೇಲಿನ ಬ್ರೆಡ್ಡಿನ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ ಹಳೆಯ ಲ್ಯಾಪ್‌ಟಾಪ್ ತೆರೆಯುತ್ತಾರೆ. ಅದರ ಕೀಲು ಮುರಿದು ಬಹಳ ದಿನವಾಯಿತು. ಮುಚ್ಚಳ ಹಿಂದಕ್ಕೆ ಬೀಳದಂತೆ ಸಕ್ಕರೆ ಡಬ್ಬಿ ಆನಿಸಿ ಇಟ್ಟಿದ್ದಾರೆ.

ಬಸ್ ಡಿಪೊದಲ್ಲಿ ಇವರು ಟಿಕೆಟ್ ಯಂತ್ರ ರಿಪೇರಿ ಮಾಡುವ ಮೇಡಂ. ಈ ಮೇಜಿನ ಮುಂದೆ ಕೂತಾಗ ಮಾತ್ರ ಬೇರೆ ಹೆಸರು. ಎಲ್ಲೆಲ್ಲಿಯದೋ ಊರುಗಳಲ್ಲಿ ಕೂತು ಬಿಡುವಿನಲ್ಲಿ ಪ್ರೋಗ್ರಾಂ ಬರೆಯುವ ಒಂದಿಷ್ಟು ಜನ ಇವರನ್ನು ‘ಚಿಲಕದಕ್ಕ’ ಎಂದೇ ಕರೆಯುತ್ತಾರೆ. ಅವರಲ್ಲಿ ಹೆಚ್ಚಿನವರು ಇವರ ಮುಖ ನೋಡಿಲ್ಲ. ಸಂಬಳವಿಲ್ಲದ ಈ ಕೆಲಸಕ್ಕೆ ಕಚೇರಿಯಿಲ್ಲ, ರಜೆಯೂ ಇಲ್ಲ.

‘ಚಿಲಕ’ ಎನ್ನುವುದು ಒಂದು ಸಣ್ಣ ಪ್ರೋಗ್ರಾಂ. ನಾವು ಫೋನಿನಲ್ಲಿ ಬರೆದ ಸಂದೇಶಕ್ಕೆ ಅದು ಹೊರಡುವ ಮೊದಲೇ ಬೀಗ ಹಾಕುತ್ತದೆ. ತಲುಪಬೇಕಾದವರ ಫೋನಿನಲ್ಲಿ ಮಾತ್ರ ಆ ಬೀಗ ತೆರೆಯುತ್ತದೆ. ನಡುವೆ ಯಾರು ಕದ್ದು ನೋಡಿದರೂ ಕಾಣುವುದು ತಲೆಬುಡವಿಲ್ಲದ ಅಕ್ಷರಗಳ ರಾಶಿ. ಇದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಂಡು ತಮ್ಮ ಆ್ಯಪ್‌ನೊಳಗೆ ಕೂರಿಸಿಕೊಳ್ಳಬಹುದು. ಹಾಗೆ ಕೂರಿಸಿಕೊಂಡವರು ಎಷ್ಟು ಮಂದಿ ಎಂದು ಕೇಳಿದರೆ ಚಿಲಕದಕ್ಕ ಕೈ ತಿರುವುತ್ತಾರೆ. "ಯಾರಿಗ್ ಗೊತ್ತು? ಬಾಗಿಲಿಗೆ ಚಿಲಕ ಹಾಕ್ಕೊಂಡೋರು ನಾನು ಹಾಕ್ಕೊಂಡಿದೀನಿ ಅಂತ ಬೀದೀಲಿ ನಿಂತು ಕೂಗ್ತಾರಾ?"

ಈಚಿನ ಕೆಲವು ವಾರಗಳಿಂದ ಲ್ಯಾಪ್‌ಟಾಪ್ ತೆರೆದ ಕೂಡಲೇ ಅವರು ಮೊದಲು ನೋಡುವುದು ಒಂದೇ ಸುದ್ದಿಯನ್ನು. ಸಂದೇಶಗಳ ಬೀಗದ ಬಗ್ಗೆ ಹೊಸ ಕಾನೂನೊಂದರ ಕರಡು ಸರ್ಕಾರದ ಪರಿಶೀಲನಾ ಸಮಿತಿಯ ಮುಂದಿದೆ. ಅದರಲ್ಲಿನ ಒಂದು ಕಲಮು ಉಳಿದರೆ ಚಿಲಕವನ್ನು ಇವರು ತಮ್ಮ ಕೈಯಾರೆ ಮುಚ್ಚಬೇಕು. ಹೋದರೆ ಚಿಲಕ ಉಳಿಯುತ್ತದೆ. ಈ ಬೆಳಗ್ಗೆಯೂ ಇಣುಕಿ ನೋಡುತ್ತಾರೆ. ಇನ್ನೂ ಏನೂ ಬಂದಿಲ್ಲ. ಒಂದು ನಿಟ್ಟುಸಿರು ಬಿಟ್ಟು ದೂರುಗಳ ಕಡೆ ತಿರುಗುತ್ತಾರೆ.

ದೂರುಗಳಿಗೆ ಬರವಿಲ್ಲ. ಹೊಸ ಫೋನಿನಲ್ಲಿ ಚಿಲಕ ನಿಧಾನವಾಗಿದೆ ಎಂದು ಒಬ್ಬರ ಗೋಳು. ‘ಇಷ್ಟು ದಿನವಾದರೂ ಸರಿಪಡಿಸಿಲ್ಲ, ನೀವೆಲ್ಲ ಏನು ಮಾಡುತ್ತಿದ್ದೀರಿ’ ಎಂದು ಇನ್ನೊಬ್ಬರ ದಬಾವಣೆ, ಸಂಬಳ ಕೊಟ್ಟು ಇಟ್ಟುಕೊಂಡ ಯಜಮಾನನ ಧಾಟಿಯಲ್ಲಿ. ಚಿಲಕದ ಬಳಗದಲ್ಲಿ ಒಂದು ಕಟ್ಟುನಿಟ್ಟಾದ ರೂಢಿಯಿದೆ. ತಪ್ಪು ತೋರಿಸಿದವರು ಯಾರೇ ಆಗಲಿ, ಹೇಗೇ ತೋರಿಸಲಿ, ಉತ್ತರದ ಮೊದಲ ಪದ ‘ಥ್ಯಾಂಕ್ಸ್’ ಆಗಿರಬೇಕು. ಜಗಳ ಏನಿದ್ದರೂ ಆಮೇಲೆ. ಚಿಲಕದಕ್ಕ ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಎಂದು ಬರೆಯುತ್ತಾರೆ.

"ಬೈದೋರೂ ಬಳಸ್ತಿದಾರೆ ಅಂತ ತಾನೇ ಅರ್ಥ? ಬಳಸದೇ ಇರೋರು ಬೈಯೋದಿಲ್ಲ" ಎನ್ನುತ್ತಾರೆ.

ಅಡುಗೆಮನೆಯ ಆಚೆ ನಡುಮನೆಯಲ್ಲಿ ಅತ್ತೆ ಎದ್ದ ಸೂಚನೆಯಾಗಿ ಕೆಮ್ಮು ಕೇಳುತ್ತದೆ. ಕೆಮ್ಮಿನ ಹಿಂದೆಯೇ ದಿನನಿತ್ಯದ ಪ್ರಶ್ನೆ ಬರುತ್ತದೆ. "ಶುರುವಾಯ್ತಾ ನಿನ್ನ ಬಿಟ್ಟಿ ಚಾಕರಿ? ಯಾರಿಗೆ ಬೇಕಾಗಿದೆಯಮ್ಮಾ ಇದೆಲ್ಲ?"

ಎದ್ದು ಚಹಾಕ್ಕೆ ನೀರಿಡುವುದೇ ಸೊಸೆಯ ಉತ್ತರ.

ಈ ಕೆಲಸ ಅವರ ಕೊರಳಿಗೆ ಬಿದ್ದದ್ದು ಸಂಜೆ ಕಾಲೇಜಿನಿಂದ. ಮದುವೆಯಾದ ಹೊಸತರಲ್ಲಿ ಡಿಪೊದಲ್ಲಿ ಟಿಕೆಟ್ ಯಂತ್ರಗಳ ಸ್ಕ್ರೂ ಬಿಚ್ಚುತ್ತಿದ್ದ ಇವರಿಗೆ, ಒಳಗೆ ಓಡುವ ಪ್ರೋಗ್ರಾಂ ಏನು ಎಂದು ತಿಳಿಯುವ ಹುಚ್ಚು ಹತ್ತಿತು. ಕೆಲಸ ಮುಗಿಸಿ ಕಾಲೇಜಿಗೆ ಓಡುತ್ತಿದ್ದರು. ಬೆಂಚಿನ ಮೇಲೆ ನಿದ್ದೆ ತೂಗಿದರೂ ಎಬ್ಬಿಸದೆ, ಪಾಠ ಮುಗಿದ ಮೇಲೆ ಮತ್ತೊಮ್ಮೆ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಅಲ್ಲಿದ್ದರು. ಚಿಲಕವನ್ನು ಮೊದಲು ಬರೆದವರು ಅವರೇ. ಕಡೆಗಾಲದಲ್ಲಿ ಕೈ ನಡುಗಿ ಕೀಲಿಮಣೆ ಒತ್ತಲಾಗದೆ ಹೋದಾಗ ಶಿಷ್ಯೆಯನ್ನು ಮನೆಗೆ ಕರೆಸಿ ಎಲ್ಲವನ್ನೂ ಒಪ್ಪಿಸಿದರು.

"ಹೊಸದು ಸೇರಿಸೋರು ಬೇಕಾದಷ್ಟು ಜನ ಸಿಗ್ತಾರೆ ಕಣಮ್ಮ. ಇದ್ದದ್ದನ್ನ ಒರೆಸಿ, ಎಣ್ಣೆ ಬಿಟ್ಟು ಇಡೋರು ಸಿಗಲ್ಲ" ಅಂದಿದ್ದರಂತೆ ಮೇಷ್ಟ್ರು. ಇಂದಿಗೂ ಚಿಲಕದ ಪ್ರತಿ ಹೊಸ ಆವೃತ್ತಿಯ ಕೊನೆಯಲ್ಲಿ ‘ಮೇಷ್ಟ್ರಿಗೆ’ ಎಂಬ ಒಂದು ಸಾಲು ಇರುತ್ತದೆ. ಅದನ್ನು ಓದುವವರಿಗೆ ಯಾವ ಮೇಷ್ಟ್ರು ಎಂದು ತಿಳಿಯದು, ಕೇಳಿದವರೂ ಇಲ್ಲ.

ಎಣ್ಣೆ ಬಿಡುವ ಕೆಲಸ ನಿಜಕ್ಕೂ ಮುಗಿಯುವಂಥದ್ದಲ್ಲ. ಹೊಸ ಫೋನು ಬಂದಾಗಲೆಲ್ಲ ಚಿಲಕ ಒಂದಲ್ಲ ಒಂದು ಕಡೆ ಕಿರುಗುಟ್ಟುತ್ತದೆ. ಅದಕ್ಕೆ ಆಧಾರವಾಗಿರುವ ಬೇರೆಯವರ ಪ್ರೋಗ್ರಾಂಗಳು ಬದಲಾಗುತ್ತವೆ. ಜೊತೆಗಿದ್ದ ಸ್ವಯಂಸೇವಕರಿಗೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಒಂದು ದಿನ ಸದ್ದಿಲ್ಲದೆ ಕಾಣೆಯಾಗುತ್ತಾರೆ. ಬಿಡದೆ ಉಳಿದವರಲ್ಲಿ ಮುಖ್ಯರು ಒಬ್ಬ ನಿವೃತ್ತ ರೇಡಿಯೊ ಮೆಕ್ಯಾನಿಕ್. ಪ್ರತಿ ಸಾಲಿನಲ್ಲೂ ಒಂದು ಕೊಂಕು ಹುಡುಕುವ ಅವರಿಗೆ ಬಳಗದವರು ಪ್ರೀತಿಯಿಂದ ಇಟ್ಟ ಹೆಸರು ಗೊಣಗಪ್ಪ. ಫೋನಿನಲ್ಲಿ ಮಾತಿಗೆ ಸಿಕ್ಕ ಗೊಣಗಪ್ಪ ಚಿಲಕದಕ್ಕನ ಬಗ್ಗೆ ಹೇಳಿದ್ದಿಷ್ಟು: "ಆಕೆ ಬರೆಯೋ ಕೋಡು ಚೆನ್ನಾಗಿರುತ್ತೆ. ಇದನ್ನ ಆಕೆಗೆ ಹೇಳ್ಬೇಡಿ, ತಲೆ ಮೇಲೆ ಕೂತ್ಕೋತಾಳೆ."

ಬಳಗದ ಇನ್ನೊಂದು ರೂಢಿಯನ್ನು ಇಲ್ಲಿ ಹೇಳಬೇಕು. ಹಳೆಯದಾಗಿ ಉಪಯೋಗವಿಲ್ಲ ಎನಿಸಿದ ಭಾಗವನ್ನು ಯಾರೂ ಏಕಾಏಕಿ ಕಿತ್ತುಹಾಕುವಂತಿಲ್ಲ. ‘ಇದನ್ನು ತೆಗೆಯುತ್ತಿದ್ದೇವೆ, ಬೇಕಾದವರು ಹೇಳಿ’ ಎಂದು ಮೊದಲು ಸಾರಬೇಕು. ಯಾರಾದರೂ ಒಬ್ಬರು ‘ಬೇಕು’ ಎಂದರೆ ಸಾಕು, ಆ ಭಾಗ ಉಳಿಯುತ್ತದೆ. ಕಾರಣ ಕೊಡಬೇಕಿಲ್ಲ, ವಾದ ಮಾಡಬೇಕಿಲ್ಲ. ಯಾರೂ ತುಟಿ ಬಿಚ್ಚದಿದ್ದರೆ ಮಾತ್ರ ತೆಗೆಯಬಹುದು. ಇದೂ ಮೇಷ್ಟ್ರು ಹಾಕಿಕೊಟ್ಟ ದಾರಿ.

ಆ ದಾರಿಯಲ್ಲೇ ನಡೆದು ಚಿಲಕದಕ್ಕ ಕಳೆದ ವರ್ಷ ಎಡವಿದರು.

ಹಳೆಯ ಕಾಲದ ಫೋನುಗಳು ಹಾಕುವ ಬೀಗವನ್ನು ತೆರೆಯಲೆಂದೇ ಚಿಲಕದಲ್ಲಿ ಒಂದು ಭಾಗವಿತ್ತು. ಅಂಥ ಫೋನುಗಳು ಈಗೆಲ್ಲಿವೆ ಎಂದು ಎಲ್ಲರಿಗೂ ಅನಿಸಿತ್ತು. ಸಾರಿದರು, ಕಾದರು. ಒಂದೇ ಒಂದು ‘ಬೇಕು’ ಬರಲಿಲ್ಲ. ಚಿಲಕದಕ್ಕ ಆ ಭಾಗವನ್ನು ಅಳಿಸಿ, ಸುತ್ತಲಿನ ಕೋಡನ್ನೂ ಹೊಸದಾಗಿ ಬರೆದರು. ಮನೆ ಗುಡಿಸಿ ಸಾರಿಸಿದಷ್ಟು ಹಗುರವಾಯಿತು. ಗೊಣಗಪ್ಪನವರೇ ‘ಪರವಾಗಿಲ್ಲ’ ಎಂದು ಬರೆದರು, ಅವರ ಮಟ್ಟಿಗೆ ಅದು ಹೊಗಳಿಕೆ.

ಕೆಲವು ವಾರಗಳ ನಂತರ ಒಂದು ಬೆಳಗ್ಗೆ ದೂರೊಂದು ಬಂತು: ನಮಗೆ ಬರುತ್ತಿರುವ ಸಂದೇಶಗಳನ್ನು ಓದಲಾಗುತ್ತಿಲ್ಲ, ದಯವಿಟ್ಟು ಬೇಗ. ಯಾವ ಫೋನು, ಯಾವ ಆ್ಯಪ್, ಯಾರು ಕಳಿಸಿದ್ದು ಎಂದು ಚಿಲಕದಕ್ಕ ಎಂದಿನಂತೆ ಕೇಳಿದರು. ‘ಹೇಳುವಂತಿಲ್ಲ’ ಎಂಬ ಉತ್ತರ ಬಂತು. ಚಿಲಕದಕ್ಕ ತಮ್ಮ ನಂಬರು ಕೊಟ್ಟರು. ಫೋನು ಬಂದದ್ದು ಒಂದು ಆಸರೆ ಮನೆಯ ಮೇಡಂರಿಂದ. ಹೊಡೆತ ತಾಳಲಾರದೆ ಮನೆ ಬಿಟ್ಟು ಬರುವ ಹೆಂಗಸರಿಗೆ ಜಾಗ ಕೊಡುವ ಮನೆ ಅದು.

"ಬಿಟ್ಟು ಬರ್ಬೇಕು ಅಂತಿರೋ ಹೆಣ್ಮಕ್ಕಳ ಹತ್ರ ಇರೋದು ಯಾರೋ ಬಿಸಾಕಿದ ಹಳೇ ಫೋನು. ಗಂಡನ ಕಣ್ಣಿಗೆ ಬೀಳದ ಹಾಗೆ ಬಟ್ಟೆ ಮಧ್ಯೆ ಬಚ್ಚಿಟ್ಟಿರ್ತಾರೆ" ಎಂದರು ಮೇಡಂ. "ಅದ್ರಿಂದ ಮೆಸೇಜ್ ಬಂದಿದೆ ಅಕ್ಕಾ. ಏನ್ ಬರೆದಿದಾರೆ ಅಂತ ನಮಗೆ ಕಾಣ್ತಿಲ್ಲ. ವಾಪಸ್ ಕೇಳೋ ಹಾಗೂ ಇಲ್ಲ, ಫೋನು ಯಾರ ಕೈಯಲ್ಲಿರುತ್ತೋ."

"ತೆಗೆಯೋ ಮುಂಚೆ ಕೇಳಿದ್ವಲ್ಲ ಮೇಡಂ, ಯಾರೂ ಬೇಕು ಅನ್ನಲಿಲ್ಲ" ಎಂದು ಚಿಲಕದಕ್ಕ ತೊದಲಿದರು.

"ಬೇಕು ಅಂತ ಬಾಯಿಬಿಟ್ಟು ಹೇಳೋ ಹಾಗಿದ್ರೆ ಅವರಿಗೆ ಬೀಗ ಯಾಕೆ ಬೇಕಿತ್ತು, ಅಕ್ಕಾ?"

ಡಿಪೊಗೆ ರಜೆ ಹೇಳಿ ಕೂತರು. ಅಳಿಸಿದ್ದನ್ನು ಹಾಗೇ ತಂದು ಅಂಟಿಸುವಂತಿರಲಿಲ್ಲ. ಹಳೆಯ ಬಾಗಿಲಿದ್ದ ಕಡೆ ಆಗಲೇ ಗೋಡೆ ಎದ್ದಿತ್ತು. ಗೊಣಗಪ್ಪ ಫೋನಿನಲ್ಲೇ ಕೂತು ಒಂದೊಂದೇ ಸಾಲು ಜೊತೆಗೆ ಓದಿದರು, ಅಂದು ಒಮ್ಮೆಯೂ ಗೊಣಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಡೇನೋ ಒಂದು ಹದಕ್ಕೆ ಬಂತು. ಆದರೆ ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು ಒಂದು ಹಳೆಯ ಫೋನು ಬೇಕಲ್ಲ! ಇಡೀ ಬಳಗದಲ್ಲಿ ಯಾರ ಬಳಿಯೂ ಇರಲಿಲ್ಲ.

ಆಗ ನೆನಪಾದದ್ದು ಅತ್ತೆ. ಮಗ ಹೊಸ ಫೋನು ತಂದುಕೊಟ್ಟರೂ ಮೂಗು ಮುರಿದು, ಅಂಚು ಒಡೆದ, ರಬ್ಬರ್ ಬ್ಯಾಂಡ್ ಸುತ್ತಿದ ತಮ್ಮ ಹಳೆಯ ಫೋನನ್ನೇ ಮಡಿಲಲ್ಲಿ ಇಟ್ಟುಕೊಂಡು ಕೂರುವವರು ಅವರು.

"ಅತ್ತೆ, ನಿಮ್ಮ ಫೋನು ಒಂದ್ ಸ್ವಲ್ಪ ಹೊತ್ತು ಕೊಡ್ತೀರಾ?"

"ಕೊಡಲ್ಲ. ಮುಟ್ಟಿದ್ರೆ ಹಾಳ್ಮಾಡ್ತೀಯ. ಏನ್ ಮಾಡ್ಬೇಕೋ ಹೇಳು, ನಾನೇ ಮಾಡ್ತೀನಿ."

ಹೀಗಾಗಿ ಅಂದು ಚಿಲಕದ ಪರೀಕ್ಷಾಧಿಕಾರಿ ಅತ್ತೆಯೇ. ಆಸರೆ ಮನೆಯವರು ಬಳಸುವ ಆ್ಯಪ್‌ನ ಹಳೆಯ ಆವೃತ್ತಿಯನ್ನು ಅವರ ಕಣ್ಗಾವಲಿನಲ್ಲೇ ಆ ಫೋನಿಗೆ ಹಾಕಿದ್ದಾಯಿತು. ನಡುಮನೆಯ ಕುರ್ಚಿಯಿಂದ ಅವರು ಬೀಗ ಹಾಕಿದ ಸಂದೇಶ ಕಳಿಸುವುದು, ಅಡುಗೆಮನೆಯ ಮೇಜಿನಲ್ಲಿ ಸೊಸೆ ಅದನ್ನು ತೆರೆಯಲು ನೋಡುವುದು. ತೆರೆಯುತ್ತಿರಲಿಲ್ಲ. ಮತ್ತೆ ತಿದ್ದುವುದು, ಮತ್ತೆ "ಅತ್ತೆ, ಇನ್ನೊಂದು ಕಳಿಸಿ" ಎನ್ನುವುದು. ಮೊದಲ ಪಾಳಿ ಮುಗಿಸಿ ಬಂದ ಗಂಡ ಇಬ್ಬರ ಅವತಾರ ನೋಡಿ ತರಕಾರಿ ಹೆಚ್ಚಲು ಕೂತರು. ಹೊತ್ತು ಇಳಿಯತೊಡಗಿದಾಗ ಪರದೆಯ ಮೇಲಿನ ಅಕ್ಷರಗಳ ರಾಶಿ ಕರಗಿ ಒಂದು ಮಾತು ಮೂಡಿತು: ಹಸಿವಾಗಿದೆ.

ಸೊಸೆ ಕುರ್ಚಿ ಬಿಟ್ಟು ಎದ್ದು ನಗುತ್ತಾ ಅಳುತ್ತಾ ನಡುಮನೆಗೆ ಓಡಿದರು. ಅಷ್ಟರಲ್ಲಿ ಇನ್ನೊಂದು ಸಂದೇಶವೂ ಬಂದು ತೆರೆದುಕೊಂಡಿತ್ತು: ಬೆಳಗಿನಿಂದ ಹಸಿವಾಗಿದೆ.

ಸರಿಪಡಿಸಿದ ಚಿಲಕ ಆಸರೆ ಮನೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಮೇಡಂ ಫೋನು ಮಾಡಿದರು. ಓದಲಾಗದೆ ಉಳಿದಿದ್ದ ಸಂದೇಶಗಳೆಲ್ಲ ತೆರೆದಿದ್ದವು. ಒಬ್ಬಾಕೆ ಅಂದು ಸಂಜೆಯೇ ಮಗುವಿನೊಂದಿಗೆ ಹೊರಡುತ್ತೇನೆ, ಬಸ್ ನಿಲ್ದಾಣಕ್ಕೆ ಯಾರಾದರೂ ಬನ್ನಿ ಎಂದು ಬರೆದಿದ್ದರು. ಕತ್ತಲಾದ ಮೇಲೆ ಮೇಡಂರಿಂದ ಮತ್ತೊಂದು ಕರೆ, ಎರಡೇ ಮಾತು. "ಬಂದ್ಲು ಅಕ್ಕಾ. ಮಗೂನೂ ಬಂತು."

ತಾನು ದೊಡ್ಡ ಕೆಲಸ ಮಾಡಿದೆ ಎಂದು ಚಿಲಕದಕ್ಕ ಹೇಳಿಕೊಳ್ಳುವುದಿಲ್ಲ. "ಕಿತ್ತೋಳೂ ನಾನೇ, ಹಾಕಿದೋಳೂ ನಾನೇ. ಅದ್ರಲ್ಲೇನು ಹೆಚ್ಚುಗಾರಿಕೆ? ಆ ಮೇಡಂ ದೂರು ಕೊಟ್ರಲ್ಲ, ಅದಕ್ಕೆ ನಾನು ಸಾಯೋವರೆಗೂ ಥ್ಯಾಂಕ್ಸ್ ಹೇಳ್ಬೇಕು."

ಇಷ್ಟೆಲ್ಲ ಆದ ಮೇಲೆ ಈ ವರ್ಷ ಬಂತು ಆ ಕರಡು ಕಾನೂನು. ಸಂದೇಶಕ್ಕೆ ಬೀಗ ಹಾಕುವ ಸಾಧನ ಮಾಡುವವರೆಲ್ಲ ಪ್ರತಿ ಬೀಗಕ್ಕೂ ಎರಡನೆಯ ಕೀ ಮಾಡಿ ಸರ್ಕಾರದ ಕಚೇರಿಗೆ ಒಪ್ಪಿಸಬೇಕು, ಒಪ್ಪದಿದ್ದರೆ ಸಾಧನವನ್ನು ಹಿಂತೆಗೆದುಕೊಳ್ಳಬೇಕು ಎನ್ನುತ್ತದೆ ಅದರ ಒಂದು ಕಲಮು. ದೊಡ್ಡ ಕಂಪನಿಗಳಿಗೆ ವಕೀಲರ ದಂಡೇ ಇದೆ. ಚಿಲಕಕ್ಕೆ ಇರುವುದು ಒಂದು ಅಡುಗೆಮನೆಯ ಮೇಜು.

ಚಾಲಕರು ಹೆಂಡತಿಯನ್ನು ನೇರವಾಗಿಯೇ ಕೇಳಿದರಂತೆ. "ಅಲ್ವೇ, ಕಳ್ಳಕಾಕರೂ ನಿನ್ನ ಬೀಗಾನೇ ಹಾಕ್ಕೊಂಡ್ರೆ? ಸರ್ಕಾರದೋರು ಹೇಳೋದ್ರಲ್ಲೂ ನಿಜ ಇಲ್ವಾ?"

"ಇದೆ ರೀ. ಅದನ್ನ ಯೋಚನೆ ಮಾಡ್ದೆ ಇಲ್ಲ. ಆದ್ರೆ ನಮ್ಮ ಡಿಪೊ ಕಥೆ ನೆನಪಿಲ್ವಾ?" ಟಿಕೆಟ್ ಯಂತ್ರದ ಪೆಟ್ಟಿಗೆಗಳಿಗೆಲ್ಲ ಹಿಂದೆ ಒಂದೇ ಸಾಮಾನ್ಯ ಕೀ ಇತ್ತು. ಮೇಲಧಿಕಾರಿಯ ಮೇಜಿನಲ್ಲಿ ಭದ್ರವಾಗಿದ್ದ ಆ ಕೀ ಒಂದು ದಿನ ಕಾಣೆಯಾಯಿತು. ಯಾರು ಒಯ್ದರೋ ತಿಳಿಯಲಿಲ್ಲ. ಎಲ್ಲ ಬಸ್ಸುಗಳ ಪೆಟ್ಟಿಗೆಯ ಬೀಗವನ್ನೂ ಬದಲಿಸಿದವರು ಇವರೇ. "ಕಳ್ಳನಿಗೆ ಅಂತ ಬೇರೆ ಬೀಗ, ಒಳ್ಳೆಯೋರಿಗೆ ಅಂತ ಬೇರೆ ಬೀಗ ಮಾಡೋಕೆ ನನಗೆ ಬರಲ್ಲ. ಬಂದಿದ್ರೆ ಇಷ್ಟೊತ್ತಿಗೆ ಮಾಡಿಕೊಡ್ತಿದ್ದೆ."

ಆಸರೆ ಮನೆಯ ಮೇಡಂ ಹೇಳಿದ್ದು ಇನ್ನೂ ಚಿಕ್ಕ ಮಾತು. "ನಮ್ಮ ಹೆಣ್ಮಕ್ಕಳ ಗಂಡಂದಿರು ಎಲ್ಲಾ ಆಫೀಸಲ್ಲೂ ಇದಾರೆ ಅಕ್ಕಾ. ಕೀ ಇಡೋ ಆಫೀಸಲ್ಲೂ ಇರ್ತಾರೆ."

ಎರಡನೆಯ ಕೀ ಮಾಡಿದರೆ ಆ ಹೆಂಗಸರನ್ನು ಹಿಡಿದುಕೊಟ್ಟ ಹಾಗೆ. ಮಾಡುವುದಿಲ್ಲ ಎಂದು ಚಿಲಕವನ್ನು ಮುಚ್ಚಿದರೆ ನಡುನೀರಿನಲ್ಲಿ ಕೈಬಿಟ್ಟ ಹಾಗೆ. ಕೆಲವು ದಿನ ಮೊದಲ ಬಸ್ಸಿನ ಹಾರ್ನ್ ಕೇಳಿದರೂ ಚಿಲಕದಕ್ಕ ಲ್ಯಾಪ್‌ಟಾಪ್ ತೆರೆಯಲಿಲ್ಲ, ಸಕ್ಕರೆ ಡಬ್ಬಿಯನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಬಗೆಹರಿದದ್ದು ಮೇಷ್ಟ್ರ ರೂಢಿಯಿಂದಲೇ. ಏನನ್ನೇ ತೆಗೆಯುವ ಮೊದಲು ಸಾರಬೇಕಲ್ಲ? ಅವರು ಸಾರಿದರು. ‘ಕಲಮು ಹೀಗೇ ಉಳಿದರೆ ಎರಡನೆಯ ಕೀ ಮಾಡುವುದಿಲ್ಲ, ಚಿಲಕವನ್ನೇ ತೆಗೆಯುತ್ತೇವೆ. ಬೇಕಾದವರು ಹೇಳಿ.’ ಹೋದ ಸಲದ ತಪ್ಪು ಮರುಕಳಿಸದಂತೆ ಈ ಬಾರಿ ಇನ್ನೆರಡು ಮಾತು ಸೇರಿಸಿದರು. ‘ಹೆಸರು ಬೇಡ, ಊರು ಬೇಡ. ಚಿಲಕದ ಬೀಗ ಹಾಕಿಯೇ ಕಳಿಸಿ. ಬಂದದ್ದನ್ನು ಸಮಿತಿಗೆ ತಲುಪಿಸುತ್ತೇವೆ.’

ಮೊದಲು ಏನೂ ಬರಲಿಲ್ಲ. ಮತ್ತದೇ ಮೌನ. ಇದೂ ಅಷ್ಟೇ ಎಂದು ಅವರು ಕೈಚೆಲ್ಲುವ ಹೊತ್ತಿಗೆ ಒಂದು ಬಂತು. ಆಮೇಲೆ ಇನ್ನೊಂದು. ಮನೆಮನೆಗೆ ಹೋಗಿ ಆರೈಕೆ ಮಾಡುವ ದಾದಿಯೊಬ್ಬರು ರೋಗಿಗಳ ಗುಟ್ಟು ಇದರಲ್ಲೇ ಡಾಕ್ಟರಿಗೆ ಹೇಳುವುದು ಎಂದು ಬರೆದರು. ಕಾರ್ಖಾನೆಯೊಳಗಿನ ಅಪಾಯವನ್ನು ಪತ್ರಿಕೆಗೆ ತಿಳಿಸಿದ್ದು ಇದರಿಂದಲೇ ಎಂದು ಒಬ್ಬ ಕೆಲಸಗಾರ. ದೂರದೂರ ಇರುವ ಗಂಡ ಹೆಂಡತಿ, ‘ನಮ್ಮದೇನೂ ಗಹನವಾದ ವಿಷಯವಲ್ಲ, ಆದರೂ ನಮ್ಮ ಮಾತು ನಮ್ಮಿಬ್ಬರದೇ’ ಎಂದು. ‘ಕಾರಣ ಹೇಳುವುದಿಲ್ಲ. ಬೇಕು’ ಎಂದಷ್ಟೇ ಬರೆದವರು ಬಹಳ ಮಂದಿ. ಇನ್ನು ಕೆಲವರು ‘ಇದನ್ನು ಯಾರೋ ಒಬ್ಬರು ಕೂತು ನೋಡಿಕೊಳ್ಳುತ್ತಿದ್ದಾರೆ ಎಂಬುದೇ ಗೊತ್ತಿರಲಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದು ಹರಸಿದರು. ಚಿಲಕದಕ್ಕ ಒಂದೊಂದಕ್ಕೂ ಥ್ಯಾಂಕ್ಸ್ ಬರೆದರು. ಗೊಣಗಪ್ಪ ಅವನ್ನೆಲ್ಲ ಒಟ್ಟುಮಾಡಿ, ಗುರುತು ಹತ್ತದಂತೆ ನೋಡಿಕೊಂಡು ಸಮಿತಿಗೆ ಕಳಿಸಿದರು.

"ಇಷ್ಟು ವರ್ಷ ಕತ್ತಲಲ್ಲಿ ಊಟ ಬಡಿಸ್ತಿದ್ದ ಹಾಗಿತ್ತು. ಎಲೆ ಮುಂದೆ ಯಾರಿದಾರೆ ಅಂತ್ಲೇ ಕಾಣ್ತಿರ್ಲಿಲ್ಲ" ಎನ್ನುವಾಗ ಅವರ ಕಣ್ಣು ತುಂಬುತ್ತದೆ. "ಇನ್ಮೇಲೆ ಕಲಮು ಏನಾದ್ರೂ ಆಗಲಿ, ನಾನು ನೋಡಿದೀನಲ್ಲ ಅವರನ್ನ."

ಮಾತಿನ ನಡುವೆ ಕಣ್ಣೊರೆಸಿಕೊಂಡು ಮತ್ತೊಮ್ಮೆ ಪರದೆಯತ್ತ ಬಾಗುತ್ತಾರೆ. ಗೊಣಗಪ್ಪನವರ ಸಂದೇಶ ಬಂದಿದೆ. ಸಮಿತಿ ಆ ಕಲಮನ್ನು ಕರಡಿನಿಂದ ತೆಗೆದು ಮರುಪರಿಶೀಲನೆಗೆ ಕಳಿಸಿದೆಯಂತೆ. ಕೆಳಗೆ ಒಂದು ಸಾಲು: ‘ಕುಣಿಯಬೇಡಿ, ಮತ್ತೆ ತಂದೇ ತರುತ್ತಾರೆ. ಅಷ್ಟರಲ್ಲಿ ಆ ಹೊಸ ಫೋನಿನ ದೂರು ನೋಡಿ.’ ಚಿಲಕದಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಚಿಲಕ ಉಳಿದಿದೆ, ಸದ್ಯಕ್ಕಾದರೂ.

ಇನ್ನು ನಿಮಗೇನು ಆಸೆ ಎಂದರೆ ನಾಚಿಕೊಳ್ಳುತ್ತಾರೆ. ಬೆಳಗಿನ ಹೊತ್ತು ಚಿಲಕದ ದೂರು ನೋಡಲು ಯಾರಾದರೂ ಒಬ್ಬರು ಸಿಕ್ಕರೆ ಗಂಡ ಓಡಿಸುವ ಮೊದಲ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೊನೆಯ ನಿಲ್ದಾಣದವರೆಗೆ ಹೋಗಿಬರಬೇಕು. "ಮದುವೆಯಾದಾಗಿಂದ ಅವರು ಹೊರಡೋ ಸದ್ದು ಕೇಳಿದೀನಿ ಅಷ್ಟೇ. ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ನೋಡಿಲ್ಲ."

ಅಷ್ಟರಲ್ಲಿ ಲ್ಯಾಪ್‌ಟಾಪ್ ಟಿಣ್ ಎನ್ನುತ್ತದೆ. ಬೀಗ ಹಾಕಿದ ಇನ್ನೊಂದು ಸಂದೇಶ. ಬಂದಿರುವುದು ಹಳೆಯ ಕಾಲದ ಫೋನಿನಿಂದ. ಚಿಲಕದಕ್ಕನ ಮುಖ ಒಮ್ಮೆಲೇ ಬಿಗಿಯುತ್ತದೆ, ಬೆರಳು ಅವಸರದಲ್ಲಿ ಒತ್ತುತ್ತದೆ. ಹಿಂದೊಮ್ಮೆ ಕಿತ್ತು ಮತ್ತೆ ಕೂರಿಸಿದ ಆ ಭಾಗ ತನ್ನ ಕೆಲಸ ಮಾಡುತ್ತದೆ, ಅಕ್ಷರಗಳ ರಾಶಿ ಕರಗಿ ಮಾತು ಮೂಡುತ್ತದೆ.

‘ಬೇಕು. ಚಹಾನೂ ಬೇಕು.’

ನಡುಮನೆಯಿಂದ ಕೆಮ್ಮು ಕೇಳುತ್ತದೆ. ಈ ಸಲ ಅದರ ಹಿಂದೆ ಯಾವ ಪ್ರಶ್ನೆಯೂ ಬರುವುದಿಲ್ಲ. ಸೊಸೆ ಬಳಗದ ರೂಢಿಯಂತೆ ಮೊದಲು ಥ್ಯಾಂಕ್ಸ್ ಎಂದು ಬರೆದು ಕಳಿಸುತ್ತಾರೆ. ಆಮೇಲೆ ಎದ್ದು ನೀರಿಡುತ್ತಾರೆ.